ವಿಮಾನ ಯಾರಿಗೋಸ್ಕರ?

ಭದ್ರಾವತಿ, ಶಿವಮೊಗ್ಗದ ನಮ್ಮ ಸಂಘದವರಿಗೆಲ್ಲ ಸೋಗಾನೆಯ ವಿಮಾನ ನಿಲ್ದಾಣ ಗೊತ್ತು. 2023ರಲ್ಲಿ ಅದು ಉದ್ಘಾಟನೆಯಾದಾಗ, “ವಿಮಾನ ದುಡ್ಡಿದ್ದೋರಿಗೆ ತಾನೇ?” ಎಂದವರು ನಮ್ಮಲ್ಲೂ ಇದ್ದರು.

ಮಿಷನರಿಗಳ ವಿಮಾನದ ಕಥೆ ಒಂದು ಸಾವಿನಿಂದ ಶುರುವಾಗುತ್ತದೆ. 1925ರಲ್ಲಿ, ಇಂದಿನ ನಮೀಬಿಯಾದಲ್ಲಿ, ಜರ್ಮನಿಯ ಫಾದರ್ ಒಟ್ಟೊ ಫುರ್ಮನ್ ಕಾಯಿಲೆಯಿಂದ ತೀರಿಕೊಂಡರು. ಆಸ್ಪತ್ರೆಗೆ ಹಲವು ದಿನಗಳ ದಾರಿ; ಬೇಗ ಕರೆದೊಯ್ಯಲು ವಾಹನವಿರಲಿಲ್ಲ. ಅವರ ಗೆಳೆಯ ಫಾದರ್ ಪಾಲ್ ಶುಲ್ಟೆ ಮೊದಲ ಮಹಾಯುದ್ಧದಲ್ಲಿ ವಿಮಾನ ನಡೆಸಿದವರು. 1927ರಲ್ಲಿ ಅವರು ‘ಮಿವಾ’ ಸಂಸ್ಥೆ ಕಟ್ಟಿದರು. 1938ರಲ್ಲಿ ಕೆನಡಾದ ಹಿಮದ ನಾಡಿನಿಂದ ಕಾಯಿಲೆ ಬಿದ್ದ ಗುರುವೊಬ್ಬರನ್ನು ತಾವೇ ವಿಮಾನದಲ್ಲಿ ಆಸ್ಪತ್ರೆಗೆ ತಂದರು.

ದುಡ್ಡು? ವಿಮಾನದ ಫೋಟೋ ತೋರಿಸಿದರೆ ಜನ ಬೆರಗಾಗ್ತಾರೆ, ಜೇಬಿಗೆ ಕೈ ಹಾಕೋದಿಲ್ಲ. ಆಸ್ಟ್ರಿಯಾದ ಮಿವಾದವರು ಜುಲೈನಲ್ಲಿ, ಸಂತ ಕ್ರಿಸ್ಟೋಫರರ ಹಬ್ಬದ ಹೊತ್ತಿಗೆ, ವಾಹನ ಇರುವವರನ್ನು ಕೇಳುತ್ತಾರೆ: ಅಪಘಾತವಿಲ್ಲದೆ ಓಡಿಸಿದ ಪ್ರತಿ ಕಿಲೋಮೀಟರಿಗೆ ಒಂದು ಸೆಂಟಿನ ಹತ್ತನೇ ಒಂದು ಪಾಲು ಕೊಡಿ ಎಂದು. ಕ್ಷೇಮವಾಗಿ ಮನೆ ಸೇರಿದ್ದಕ್ಕೆ ಕೃತಜ್ಞತೆ, ಅಷ್ಟೇ.

ನಮ್ಮಲ್ಲಿ ಲೆಕ್ಕ ಹಾಕೋಣ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಸುಮಾರು 40 ಕಿಲೋಮೀಟರು. ಕಿಲೋಮೀಟರಿಗೆ 10 ಪೈಸೆಯಾದರೆ (ಆ ನಾಣ್ಯ ಈಗ ಸಿಗೋಲ್ಲ, ಇರಲಿ) ದಿನಕ್ಕೆ 4 ರೂಪಾಯಿ, 25 ದಿನಕ್ಕೆ 100.

ನಾವು ವಿಮಾನ ಕೊಳ್ಳಬೇಕಿಲ್ಲ. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ತುಮರಿ ಕಡೆಯವರು ರೋಗಿಯನ್ನು ಇಟ್ಟುಕೊಂಡು ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ಬಹಳ ಸುತ್ತಿ ಬರಬೇಕಿತ್ತು. ಮಳೆಗಾಲದ ರಾತ್ರಿ ಜೀಪಿನ ಬಾಡಿಗೆಗೆ ಪರದಾಡುವ ಮನೆಗಳು ಮಲೆನಾಡಿನಲ್ಲಿ ಈಗಲೂ ಇವೆ. ನಿಮ್ಮೂರಲ್ಲಿ ಅಂಥ ಮನೆ ಯಾವುದು? ಸಂಘದಲ್ಲಿ ಮಾತಾಡಿಕೊಂಡು ಮುಂದಿನ ಸಭೆಗೆ ಬನ್ನಿ.