ಹಳೆಯ ಆಟ, ಹೊಸ ಯಂತ್ರ

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಂತಹ ಊರಿನಲ್ಲಿ ಚೌಕಾಬಾರ ಆಡಬೇಕೆಂದರೆ ಹೆಚ್ಚಿನ ಸಿದ್ಧತೆಯೇನೂ ಬೇಕಾಗಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನು ತಂದರೆ ಆಟ ಸಿದ್ಧವಾದಂತೆಯೇ. ಕವಡೆ ದೊರೆಯದಿದ್ದರೆ ಹುಣಸೆಬೀಜಗಳ ಒಂದು ಮಗ್ಗುಲನ್ನು ತೇಯ್ದು ಬಿಳಿಯಾಗಿಸಿಕೊಂಡರಾಯಿತು. ಕಾಯಿಗಳಿಗೆ ಬದಲಾಗಿ ಬಳೆಚೂರುಗಳೂ ಸಣ್ಣ ಕಲ್ಲುಗಳೂ ಇದ್ದೇ ಇವೆ. ಸಂಜೆ ಮಳೆ ಬಿದ್ದು ಗೆರೆಗಳು ಅಳಿಸಿಹೋಗಬಹುದು. ಆದರೆ ಆಟ ಅಳಿಯುವುದಿಲ್ಲ. ಏಕೆಂದರೆ ಆ ಆಟ ಇರುವುದು ಜಗಲಿಯ ಮೇಲಲ್ಲ, ಆಡುವವರ ನೆನಪಿನಲ್ಲಿ. ಅಜ್ಜಿಯಿಂದ ಮೊಮ್ಮಗಳಿಗೆ, ಅಣ್ಣನಿಂದ ತಮ್ಮನಿಗೆ ಅದು ಹರಿದುಬಂದಿದೆ.

ಗಣಕಯಂತ್ರದ ಆಟಗಳ ಸ್ಥಿತಿ ಹೀಗಿಲ್ಲ. ಅವು ಯಂತ್ರವನ್ನು ನೆಚ್ಚಿಕೊಂಡು ಬದುಕುವಂಥವು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಸಂಗಡಿಗರು 1962ರಲ್ಲಿ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ಅದು ಪಿಡಿಪಿ-1 ಎಂಬ ಭಾರಿ ಯಂತ್ರದಲ್ಲಿ ನಡೆಯುತ್ತಿತ್ತು. ಮುಂದೆ ಗಣಕಗಳು ಚಿಕ್ಕವಾಗಿ ಮನೆಗಳನ್ನೂ ಶಾಲೆಗಳನ್ನೂ ಹೊಕ್ಕವು. 1984ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯಡಿಯಲ್ಲಿ ಆಯ್ದ ಶಾಲೆಗಳಿಗೆ ಬ್ರಿಟನ್ನಿನ 'ಬಿಬಿಸಿ ಮೈಕ್ರೋ' ಗಣಕಗಳನ್ನು ಒದಗಿಸಲು ತೊಡಗಿತು. ಅಂತಹ ಒಂದು ಗಣಕದ ಸ್ಮೃತಿ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಚಿತ್ರಕ್ಕೆ ಅದರ ನೂರು ಪಟ್ಟು ಸ್ಥಳ ಬೇಕಾಗಬಹುದು. ಅಷ್ಟು ಕಿರಿದಾದ ಸ್ಥಳದಲ್ಲಿಯೇ ಒಂದು ಪ್ರಪಂಚವನ್ನು ಅಡಗಿಸಿಟ್ಟ ಆಟಗಾರಿಕೆಯ ಶಿಲ್ಪಿಗಳು ಆ ಕಾಲದಲ್ಲಿದ್ದರು. ಆದರೆ ಆ ಯಂತ್ರಗಳು ಮೂಲೆಗೆ ಸೇರಿದಾಗ ಅವುಗಳ ಆಟಗಳೂ ಮೂಲೆಗೆ ಸೇರಿದವು. 2010ಕ್ಕೆ ಮುಂಚೆ ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ದೊರೆಯುವುದಿಲ್ಲವೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸಿತು.

ಹೊಸ ಯಂತ್ರವು ಹಳೆಯದಕ್ಕಿಂತ ಸಾವಿರಾರು ಪಟ್ಟು ಬಲವುಳ್ಳದ್ದು. ಹಾಗಿದ್ದರೂ ಹಳೆಯ ಆಟ ಅದರಲ್ಲಿ ನಡೆಯದಿರಲು ಕಾರಣವೇನು? ಮೊದಲನೆಯ ಕಾರಣ ವೇಗ. ಕಣ್ಣಾಮುಚ್ಚಾಲೆ ಆಡುವಾಗ ಹಿಡಿಯುವವನು ಕಣ್ಣು ಮುಚ್ಚಿ ನೂರರವರೆಗೆ ಎಣಿಸುತ್ತಾನಷ್ಟೆ. ಆ ಹೊತ್ತಿನಲ್ಲಿ ಉಳಿದವರು ಅಡಗಿಕೊಳ್ಳುತ್ತಾರೆ. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ನೂರನ್ನು ಎಣಿಸಿ ಮುಗಿಸಿಬಿಟ್ಟರೆ ಯಾರು ತಾನೇ ಅಡಗಿಕೊಳ್ಳಬಲ್ಲರು? ಹಳೆಯ ಅನೇಕ ಆಟಗಳಲ್ಲಿ ಕಾಲವನ್ನು ಅಳೆದದ್ದು ಹೀಗೆಯೇ. 1981ರಲ್ಲಿ ಹೊರಬಂದ ಐ.ಬಿ.ಎಂ. ಪಿ.ಸಿ.ಯ ಸಂಸ್ಕಾರಕವು 4.77 ಮೆಗಾಹರ್ಟ್ಸ್ ವೇಗದಲ್ಲಿ ಕೆಲಸಮಾಡುತ್ತಿತ್ತು. 'ಇಷ್ಟರವರೆಗೆ ಎಣಿಸು, ಆಮೇಲೆ ಶತ್ರುವನ್ನು ಒಂದು ಹೆಜ್ಜೆ ಮುಂದಿಡು' ಎಂದು ಅಂದಿನ ರಚನಕಾರರು ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದರು. ವೇಗವಾಗಿ ಎಣಿಸುವ ಹೊಸ ಯಂತ್ರ ಬಂದೊಡನೆ ಶತ್ರುಗಳು ಮಿಂಚಿನಂತೆ ಎರಗತೊಡಗಿದರು. ಆಟಗಾರನು ಕೀಲಿಯ ಮೇಲೆ ಬೆರಳಿಡುವ ಮೊದಲೇ ಆಟ ಮುಗಿದುಹೋಯಿತು. ಆದುದರಿಂದಲೇ ಆ ಕಾಲದ ಕೆಲವು ಗಣಕಗಳ ಮೇಲೆ 'ಟರ್ಬೊ' ಎಂಬ ಗುಂಡಿಯನ್ನಿಟ್ಟಿದ್ದರು. ಯಂತ್ರದ ವೇಗವನ್ನು ಬೇಕೆಂದೇ ತಗ್ಗಿಸಿ ಹಳೆಯ ಕ್ರಮವಿಧಿಗಳನ್ನು ನಡೆಸಲು ಅದು ನೆರವಾಗುತ್ತಿತ್ತು.

ಎರಡನೆಯ ಕಾರಣ ಮೊದಲಿನದಕ್ಕಿಂತ ಸೂಕ್ಷ್ಮವಾದುದು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಸಾಗುವ ಹೆದ್ದಾರಿಯಲ್ಲಿ ಕಂಪಲಾಪುರ ಸಿಗುತ್ತದೆ. ಹಿಂದಿನ ಕಾಲದವರು ಇಂತಹ ಹಾದಿಗಳಲ್ಲಿ ಊರಿಗೆ ದಾರಿ ಹೇಳುವಾಗ 'ದೊಡ್ಡ ಆಲದ ಮರ ದಾಟಿ ಎಡಕ್ಕೆ ತಿರುಗು, ಕಲ್ಲುಬಾವಿಯ ಪಕ್ಕದ ಮನೆ' ಎನ್ನುತ್ತಿದ್ದರು. ರಸ್ತೆ ಅಗಲವಾಗಿ ಮರ ಹೋಗಿ, ಬಾವಿ ಮುಚ್ಚಿಹೋದ ಮೇಲೆ ಆ ಮಾತು ಸುಳ್ಳಾಗುವುದಿಲ್ಲ; ಆದರೆ ಅದನ್ನು ನಂಬಿ ಹೊರಟವನು ಮನೆಯನ್ನು ಮುಟ್ಟುವುದೂ ಇಲ್ಲ. ಡಾಸ್ ಕಾಲದ ಆಟಗಳು ಹೀಗೆಯೇ ಯಂತ್ರದ ಒಳಗಿನ ಗುರುತುಗಳನ್ನು ನೇರವಾಗಿ ನಂಬಿದ್ದವು. ಪರದೆಯ ಚಿತ್ರ ಸ್ಮೃತಿಯ ಇಂತಹ ವಿಳಾಸದಲ್ಲಿದೆ, ಧ್ವನಿಯ ಸಾಧನ ಇಂತಹ ಬಾಗಿಲಿನಲ್ಲಿದೆ ಎಂದು ತಿಳಿದು ಅಲ್ಲಿಗೇ ಹೋಗಿ ತಟ್ಟುತ್ತಿದ್ದವು. ಮುಂದೆ ಬಂದ ವಿಂಡೋಸ್ ವ್ಯವಸ್ಥೆಯು ಎಲ್ಲ ಬಾಗಿಲುಗಳಿಗೂ ತಾನೇ ಕಾವಲು ನಿಂತಿತು. 2001ರ ವಿಂಡೋಸ್ ಎಕ್ಸ್‌ಪಿ ಮನೆಬಳಕೆಯ ಗಣಕಗಳನ್ನು ಡಾಸ್‌ನ ತಳಹದಿಯಿಂದ ಬಿಡಿಸಿತು. 64 ಬಿಟ್‌ನ ವಿಂಡೋಸ್ ಬಂದ ಮೇಲೆ ಡಾಸ್ ಆಟಗಳು ನೇರವಾಗಿ ನಡೆಯುವುದು ಸಂಪೂರ್ಣವಾಗಿ ನಿಂತುಹೋಯಿತು.

ಮೂರನೆಯ ಕಾರಣ ಸವೆತ. ಆಟಗಳನ್ನು ತುಂಬಿಡುತ್ತಿದ್ದ ಫ್ಲಾಪಿ ಎಂಬುದು ಕಾಂತದ ಗುಣವುಳ್ಳ ತೆಳುವಾದ ತಟ್ಟೆ. ತೇವ, ಬೂಷ್ಟು, ಧೂಳುಗಳಿಂದ ಅದು ಕೆಡುತ್ತದೆ. ಏನೂ ತಾಗದಿದ್ದರೂ ವರ್ಷಗಳು ಕಳೆದಂತೆ ಅದರ ಕಾಂತಶಕ್ತಿ ಕುಂದುತ್ತದೆ. ಫ್ಲಾಪಿ ಚೆನ್ನಾಗಿ ಉಳಿದರೂ ಅದನ್ನು ಓದುವ ಸಾಧನವೇ ಇಂದಿನ ಗಣಕಗಳಲ್ಲಿಲ್ಲ. ಬೀಗದ ಕೈ ಕಳೆದುಹೋದ ಪೆಟ್ಟಿಗೆಯಂತೆ ಅದು ಕೈಯಲ್ಲಿದ್ದೂ ಇಲ್ಲದಂತಾಗುತ್ತದೆ.

ಈ ಕಷ್ಟಗಳನ್ನು ದಾಟಲು ಮೂರು ಮಾರ್ಗಗಳಿವೆ. ಹಳೆಯ ಯಂತ್ರವನ್ನೇ ದುರಸ್ತಿ ಮಾಡಿ ಉಳಿಸಿಕೊಳ್ಳುವುದು ಒಂದು. ಕ್ಯಾಲಿಫೋರ್ನಿಯದ ಗಣಕ ಇತಿಹಾಸ ವಸ್ತುಸಂಗ್ರಹಾಲಯದವರು ಪಿಡಿಪಿ-1 ಯಂತ್ರವೊಂದನ್ನು ಸರಿಪಡಿಸಿ, ಅದರಲ್ಲಿಯೇ ಸ್ಪೇಸ್‌ವಾರ್ ಆಟವನ್ನು ಆಡಿ ತೋರಿಸಿದ್ದಾರೆ. ಇದು ಮೇಲಾದ ಮಾರ್ಗವೇ. ಆದರೆ ಬಿಡಿಭಾಗಗಳು ದೊರೆಯುವಷ್ಟು ಕಾಲ ಮಾತ್ರ ನಡೆಯುವಂಥದು.

ಆಟವನ್ನು ಹೊಸ ಯಂತ್ರಕ್ಕೆ ತಕ್ಕಂತೆ ತಿರುಗಿ ಬರೆಯುವುದು ಎರಡನೆಯ ಮಾರ್ಗ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ ಎಂಬಾತನು 'ಟೆಟ್ರಿಸ್' ಆಟವನ್ನು ರಚಿಸಿದ ಯಂತ್ರದಲ್ಲಿ ಚಿತ್ರ ಬಿಡಿಸುವ ಸೌಕರ್ಯವೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಅವನು ಇಟ್ಟಿಗೆಗಳನ್ನು ತೋರಿಸಿದನು. ಅದನ್ನು ಐ.ಬಿ.ಎಂ. ಪಿ.ಸಿ.ಗೆ ಹೊಂದುವಂತೆ ಬರೆದವರಲ್ಲಿ ಮುಖ್ಯನಾದವನು ವಾದಿಮ್ ಗೆರಾಸಿಮೋವ್. ಆಗ ಅವನು 16 ವರ್ಷದ ಶಾಲಾ ಬಾಲಕ. ಆ ಹುಡುಗನ ಕೈಗೆ ಆಟ ಬೀಳದಿದ್ದರೆ ಜಗತ್ತು ಅದನ್ನು ಅರಿಯಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ! ಹೀಗೆ ತಿರುಗಿ ಬರೆಯಲು ಆಟದ ಮೂಲ ಬರಹ ಕೈಯಲ್ಲಿರಬೇಕು. 1993ರಲ್ಲಿ ಬಂದ 'ಡೂಮ್' ಎಂಬ ಆಟದ ಮೂಲ ಬರಹವನ್ನು ಅದರ ಒಡೆಯರು 1997ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅಂದಿನಿಂದ ಬಗೆಬಗೆಯ ಯಂತ್ರಗಳಲ್ಲಿ ಆಸಕ್ತರು ಅದನ್ನು ನಡೆಸುತ್ತ ಬಂದಿದ್ದಾರೆ.

ಮೂಲ ಬರಹ ದೊರೆಯದಿದ್ದಾಗ ಉಳಿಯುವುದು ಮೂರನೆಯ ಮಾರ್ಗ. ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿಯು ಕಿರೀಟ ಧರಿಸಿ ನಿಂತರೆ ಎದುರಿನ ಪಾತ್ರಗಳು ಅವನನ್ನು ಕೌರವನೆಂದೇ ಮಾತನಾಡಿಸುತ್ತವೆ. ಹಾಗೆಯೇ ಹೊಸ ಯಂತ್ರವು ಹಳೆಯ ಯಂತ್ರದ ವೇಷ ಧರಿಸಿ ನಿಲ್ಲುವಂತೆ ಮಾಡುವ ಕ್ರಮವಿಧಿಗೆ ಎಮ್ಯುಲೇಟರ್ ಎಂದು ಹೆಸರು. ಆಟವು ಕೊಡುವ ಒಂದೊಂದು ಅಪ್ಪಣೆಯನ್ನೂ ಅದು ಕೇಳಿಕೊಂಡು, ಹೊಸ ಯಂತ್ರಕ್ಕೆ ತಿಳಿಯುವ ಮಾತಿನಲ್ಲಿ ಹೇಳಿ ನಡೆಸುತ್ತದೆ. ಆಲದ ಮರವಿದ್ದೆಡೆ ಆಲದ ಮರವನ್ನೂ ಬಾವಿಯಿದ್ದೆಡೆ ಬಾವಿಯನ್ನೂ ಕಲ್ಪಿಸಿ ಕೊಡುತ್ತದೆ. 2002ರಲ್ಲಿ ಮೊದಲು ಹೊರಬಂದ 'ಡಾಸ್‌ಬಾಕ್ಸ್' ಅಂಥದೊಂದು ಎಮ್ಯುಲೇಟರ್. ಗಣಕದಲ್ಲಿರುವ ಒಂದು ಕಡತಕೋಶವನ್ನು 'ಮೌಂಟ್' ಎಂಬ ಅಪ್ಪಣೆಯಿಂದ ಹಳೆಯ ಯಂತ್ರದ 'ಸಿ' ಡ್ರೈವ್ ಎಂದು ಅದಕ್ಕೆ ತೋರಿಸಬೇಕು. ಆಮೇಲೆ ಆಟದ ಹೆಸರನ್ನು ಬೆರಳಚ್ಚಿಸಿದರೆ ಆಟ ಎಚ್ಚರಗೊಳ್ಳುತ್ತದೆ. ಆಟ ಬಹಳ ನಿಧಾನವಾದರೆ ಕಂಟ್ರೋಲ್ ಕೀಲಿಯೊಡನೆ ಎಫ್12 ಒತ್ತಿ ವೇಗವನ್ನು ಹೆಚ್ಚಿಸಬಹುದು. ಮಿತಿಮೀರಿ ಓಡಿದರೆ ಎಫ್11 ಒತ್ತಿ ತಗ್ಗಿಸಬಹುದು. ಹಿಂದಿನ ಟರ್ಬೊ ಗುಂಡಿಯೇ ಇಲ್ಲಿ ಬೇರೊಂದು ರೂಪದಲ್ಲಿ ಬಂದಿದೆ ಎನ್ನಬಹುದು.

ಅನೇಕ ವರ್ಷಗಳ ಕಾಲ ಗಣಕ ಕಲಿಯುವ ಮಕ್ಕಳ ಅಚ್ಚುಮೆಚ್ಚಿನದಾಗಿದ್ದ 'ಪ್ರಿನ್ಸ್ ಆಫ್ ಪರ್ಷಿಯ' ಆಟದ ಕಥೆ ಇಲ್ಲಿ ನೆನೆಯತಕ್ಕದ್ದು. ಜೋರ್ಡನ್ ಮೆಕ್ನರ್ ಎಂಬ ತರುಣನು ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಅದನ್ನು ಚಿತ್ರೀಕರಿಸಿ, ಆ ಚಲನೆಗಳನ್ನೇ ರಾಜಕುಮಾರನಿಗೆ ಕೊಟ್ಟು 1989ರಲ್ಲಿ ಈ ಆಟವನ್ನು ಆಪಲ್ ಗಣಕಕ್ಕಾಗಿ ಹೊರತಂದನು. ಮುಂದೆ ಅದರ ಮೂಲ ಬರಹವೇ ಎಲ್ಲಿಯೋ ಕಾಣೆಯಾಯಿತು. 2012ರಲ್ಲಿ ಅವನ ತಂದೆ ಮನೆಯಲ್ಲಿದ್ದ ಒಂದು ಹಳೆಯ ಪೆಟ್ಟಿಗೆಯನ್ನು ಕಂಡರು. ಅದರೊಳಗೆ ಆ ಫ್ಲಾಪಿಗಳಿದ್ದವು. ಹಳೆಯ ಗಣಕಗಳನ್ನು ಬಲ್ಲ ಪರಿಣತರು ಬಂದು, ಇಪ್ಪತ್ತು ವರ್ಷಗಳಿಗೂ ಮೀರಿದ ಆ ತಟ್ಟೆಗಳನ್ನು ಎಚ್ಚರಿಕೆಯಿಂದ ಓದಿ ಬರಹವನ್ನು ಹೊರತೆಗೆದರು. ಮೆಕ್ನರ್ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದನು. ಪೆಟ್ಟಿಗೆ ಗುಜರಿಗೆ ಹೋಗಿದ್ದರೆ ಆ ಬರಹವೂ ಅದರೊಡನೆ ಹೋಗುತ್ತಿತ್ತು.

'ಆಟವೊಂದು ಹೋದರೆ ಹೋಗಲಿ, ಅದರಿಂದ ನಷ್ಟವೇನು?' ಎಂದು ಕೇಳುವವರಿರಬಹುದು. ಆದರೆ ಈ ವಿಪತ್ತು ಆಟಕ್ಕೆ ಮಾತ್ರ ಬರುವುದಲ್ಲ. 1086ರಲ್ಲಿ ಇಂಗ್ಲೆಂಡಿನ ಅರಸನು ತನ್ನ ನಾಡಿನ ಭೂಮಿಕಾಣಿಗಳ ಲೆಕ್ಕವನ್ನು ಬರೆಯಿಸಿದ 'ಡೂಮ್ಸ್‌ಡೇ' ಗ್ರಂಥವನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬ್ರಿಟನ್ನಿನ ಜನಜೀವನವನ್ನು ಕುರಿತು ಸಿದ್ಧಪಡಿಸಿದ ಸಂಗ್ರಹವನ್ನು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾದವು. ಕೊನೆಗೆ 2002ರ ಹೊತ್ತಿಗೆ ವಿದ್ವಾಂಸರು ಎಮ್ಯುಲೇಟರಿನ ನೆರವಿನಿಂದಲೇ ಅದನ್ನು ಮತ್ತೆ ತೆರೆದರು.

ಕನ್ನಡಕ್ಕೂ ಈ ಕಷ್ಟ ತಪ್ಪಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು 'ಬರಹ', 'ನುಡಿ' ಮೊದಲಾದ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಅಚ್ಚುಗಳನ್ನು ಕೂರಿಸುತ್ತಿದ್ದರು. ಆ ಅಚ್ಚಿನ ಕಡತವಿಲ್ಲದ ಗಣಕದಲ್ಲಿ ತೆರೆದರೆ ಕಥೆಯೂ ಕಾವ್ಯವೂ ಅರ್ಥವಿಲ್ಲದ ಗುರುತುಗಳ ರಾಶಿಯಾಗಿ ಕಾಣುತ್ತಿದ್ದವು. ಹಾಗೆ ಬೆರಳಚ್ಚಾದ ಪುಸ್ತಕಗಳೂ ಕಾಗದಪತ್ರಗಳೂ ಅಸಂಖ್ಯ. ಹಳೆಯ ಸಂಕೇತವನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಉತ್ಸಾಹಿಗಳು ರಚಿಸಿದುದರಿಂದ ಅವು ಮತ್ತೆ ಓದಲು ಬರುವಂತಾದವು. ಹಳೆಯ ಆಟವನ್ನು ಹೊಸ ಯಂತ್ರದಲ್ಲಿ ನಡೆಸುವ ವಿದ್ಯೆಯೂ ಹಳೆಯ ಕಡತವನ್ನು ಹೊಸ ಯಂತ್ರದಲ್ಲಿ ಓದುವ ವಿದ್ಯೆಯೂ ಒಂದೇ ತಾಯಿಯ ಮಕ್ಕಳು.

ಈ ಕೆಲಸದಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ. ಎಮ್ಯುಲೇಟರನ್ನು ಬಳಸುವುದು ತಪ್ಪಲ್ಲ. ಆದರೆ ಆಟವು ಅದನ್ನು ರಚಿಸಿದವರ ಸ್ವತ್ತು. ಹಳೆಯದಾಯಿತೆಂಬ ಮಾತ್ರಕ್ಕೆ ಆ ಹಕ್ಕು ಅಳಿಯುವುದಿಲ್ಲ. ಒಡೆಯರು ಬಿಟ್ಟುಕೊಟ್ಟ ಆಟಗಳನ್ನೂ ಕೊಂಡುಕೊಂಡ ಆಟಗಳನ್ನೂ ನಡೆಸುವುದು ಯೋಗ್ಯವಾದ ನಡತೆ. ಒಡೆಯರೇ ಮರೆತುಬಿಟ್ಟ ಆಟಗಳನ್ನು ಯಾರು ಕಾಪಾಡಬೇಕೆಂಬುದು ಇಂದಿಗೂ ತಜ್ಞರು ಚರ್ಚಿಸುತ್ತಿರುವ ವಿಷಯವಾಗಿದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಮರ್ಮವನ್ನು ಬಲ್ಲವರಾಗಿದ್ದರು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತನೆಯ ಭಾಗವಾದ 'ಕೌತುಕನಿಧಿ'ಯಲ್ಲಿ ಗಂಜೀಫಾ ಮೊದಲಾದ ಆಟಗಳ ವಿವರಣೆಯಿದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಆಟದ ಹಾಸುಗಳ ಚಿತ್ರಗಳಿವೆ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಕೈಗೆ ತಂದಿದ್ದಾರೆ. ಇರಾಕಿನ ಉರ್ ಎಂಬ ಪುರಾತನ ನಗರದಲ್ಲಿ ದೊರೆತ ಸುಮಾರು 4,500 ವರ್ಷಗಳ ಹಿಂದಿನ ಆಟದ ಮಣೆಯ ನಿದರ್ಶನವೂ ಇದೆ. ಮಣೆ ಸಿಕ್ಕಿದರೂ ಆಡುವ ಬಗೆ ಯಾರಿಗೂ ತಿಳಿದಿರಲಿಲ್ಲ. ಕ್ರಿ.ಪೂ. 177ರಲ್ಲಿ ಬರೆದ ಬ್ಯಾಬಿಲೋನಿಯದ ಮಣ್ಣಿನ ಫಲಕವೊಂದನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿದಾಗ ಆ ಆಟದ ನಿಯಮಗಳು ಬೆಳಕಿಗೆ ಬಂದವು. ಮಣೆಯನ್ನು ನೆಲ ಕಾಪಾಡಿತ್ತು. ಆಟವನ್ನು ಕಾಪಾಡಿದ್ದು ಬರಹ.

ಯಂತ್ರಗಳು ಹಳೆಯವಾಗುವುದನ್ನು ಯಾರೂ ತಡೆಯಲಾರರು. ಇಂದು ಹೊಸದೆಂದು ಮೆರೆಯುವ ಮೊಬೈಲು ಮುಂದಿನ ಪೀಳಿಗೆಗೆ ಫ್ಲಾಪಿಯಂತೆಯೇ ವಿಚಿತ್ರ ವಸ್ತುವಾಗಿ ಕಾಣುವುದು ನಿಶ್ಚಯ. ಉಳಿಸಿಕೊಳ್ಳಬೇಕಾದದ್ದು ಯಂತ್ರವನ್ನಲ್ಲ, ಅದರೊಳಗಿನ ತಿಳಿವನ್ನು. ಅದಕ್ಕೆ ಪ್ರತಿಗಳನ್ನು ಮಾಡಿ ಬೇರೆ ಬೇರೆ ಕಡೆ ಇಡಬೇಕು. ಎಲ್ಲರೂ ಅರಿತ ಸಂಕೇತದಲ್ಲಿ ಬರೆದಿಡಬೇಕು. ನಡೆಸುವ ಬಗೆಯನ್ನು ಬಲ್ಲವರಿಂದ ಕೇಳಿ ಕಲಿಯಬೇಕು. ಅಜ್ಜಿ ಚೌಕಾಬಾರವನ್ನು ಕಲಿಸುವಾಗ ಮಾಡುವುದೂ ಇದನ್ನೇ. ಕಲಿಸುವವರೂ ಕಲಿಯುವವರೂ ಇರುವವರೆಗೆ ಯಾವ ಆಟವೂ ಸಾಯುವುದಿಲ್ಲ.

ಅಭ್ಯಾಸ

1. ಚೌಕಾಬಾರಕ್ಕೂ ಗಣಕಯಂತ್ರದ ಆಟಕ್ಕೂ ಇರುವ ಮುಖ್ಯ ಭೇದವೇನು?
2. ಹಳೆಯ ಆಟಗಳು ಹೊಸ ಯಂತ್ರದಲ್ಲಿ ನಡೆಯದಿರಲು ಕಾರಣಗಳನ್ನು ವಿವರಿಸಿ.
3. ಎಮ್ಯುಲೇಟರನ್ನು ವೇಷಧಾರಿಗೆ ಹೋಲಿಸಿರುವುದು ಏಕೆ?
4. 'ಮಣೆಯನ್ನು ನೆಲ ಕಾಪಾಡಿತ್ತು. ಆಟವನ್ನು ಕಾಪಾಡಿದ್ದು ಬರಹ' – ಈ ಮಾತಿನ ಸ್ವಾರಸ್ಯವನ್ನು ತಿಳಿಸಿ.
5. ನಿಮ್ಮ ಊರಿನ ಹಿರಿಯರಿಂದ ಒಂದು ಹಳೆಯ ಆಟವನ್ನು ಕೇಳಿ ತಿಳಿದು, ಅದರ ನಿಯಮಗಳನ್ನು ಬರೆದಿಡಿ.