ಬೆಂಕಿ ಕೇಳಿದ ಯೊವಾನ್ನ, ಕೈಯಿರಿಸಿದ ಯೊವಾನ್ನ



ತಪಸ್ಸುಕಾಲದ ಕುಟುಂಬ ಭೇಟಿಯ ಸಮಯದಲ್ಲಿ ಒಬ್ಬ ತಾಯಿ ತಮ್ಮ ಅಳಲನ್ನು ನನ್ನಲ್ಲಿ ತೋಡಿಕೊಂಡರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಊರಿಗೆ ಬಂದಾಗ ಭಾನುವಾರದ ಪೂಜೆಗೆ ಬರುವುದಿಲ್ಲ. ಸಂಜೆ ಜಪಸರಕ್ಕೆ ಕುಳಿತರೆ ಎದ್ದು ಹೊರಗೆ ಹೋಗುತ್ತಾನೆ. ಒಮ್ಮೆ ಒತ್ತಾಯ ಮಾಡಿದಾಗ, "ನಿನ್ನ ದೇವರು ನಿನಗಿರಲಿ, ನನ್ನನ್ನು ಬಿಟ್ಟುಬಿಡಮ್ಮ" ಎಂದನಂತೆ. "ಅಂದಿನಿಂದ ಅವನು ಮನೆಯಲ್ಲಿದ್ದರೆ ನಾನು ಬಾಯಿಬಿಟ್ಟು ಪ್ರಾರ್ಥನೆ ಮಾಡುವುದನ್ನೇ ನಿಲ್ಲಿಸಿದ್ದೇನೆ ಫಾದರ್. ಇದು ತಪ್ಪಲ್ಲವೇ?" ಎಂದು ಕೇಳಿದರು.

"ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಮುಂದಿನ ಮನೆಗೆ ನಡೆದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ವಿಶ್ವಾಸವನ್ನು ಹಂಚಿಕೊಳ್ಳಲು ಹೋದಾಗ ತಿರಸ್ಕಾರ ಎದುರಾದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಇಂದು ಶುಭಸಂದೇಶದ ಬೆಳಕಿನಲ್ಲಿ ಅಧ್ಯಯನ ಮಾಡೋಣ.

ಬಾಗಿಲು ಮುಚ್ಚಿದ ಹಳ್ಳಿ

ಲೂಕನ ಶುಭಸಂದೇಶದ 9ನೇ ಅಧ್ಯಾಯದ ಕೊನೆಯ ಭಾಗವನ್ನು ತೆರೆಯಿರಿ. ಯೇಸುಸ್ವಾಮಿ ಜೆರುಸಲೇಮಿಗೆ ಹೊರಟಿದ್ದಾರೆ. ದಾರಿಯಲ್ಲಿ ಸಮಾರಿಯದ ಒಂದು ಹಳ್ಳಿಯಲ್ಲಿ ತಂಗಲು ಮುಂದಾಗಿ ಜನರನ್ನು ಕಳುಹಿಸುತ್ತಾರೆ. ಆದರೆ ಹಳ್ಳಿಯವರು ಅವರನ್ನು ಬರಮಾಡಿಕೊಳ್ಳುವುದಿಲ್ಲ. ಕಾರಣವನ್ನು ಲೂಕನೇ ತಿಳಿಸುತ್ತಾನೆ: ಯೇಸು ಜೆರುಸಲೇಮಿನ ಕಡೆಗೆ ಹೊರಟಿದ್ದರು.

ಈ ಕಾರಣವನ್ನು ಗಮನಿಸಬೇಕು. ಸಮಾರಿಯದವರು ದೇವರನ್ನು ಆರಾಧಿಸುತ್ತಿದ್ದುದು ಗೆರಿಜೀಮ್ ಬೆಟ್ಟದ ಮೇಲೆ. ಅಲ್ಲಿದ್ದ ಅವರ ದೇವಾಲಯವನ್ನು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಯೆಹೂದ್ಯರ ಆಳರಸ ಯೊವಾನ್ನ ಹಿರ್ಕಾನನು ನೆಲಸಮ ಮಾಡಿದ್ದನು. ಆ ಗಾಯ ಆರಿರಲಿಲ್ಲ. ಆದ್ದರಿಂದ ಹಳ್ಳಿಯವರು ಬಾಗಿಲು ಮುಚ್ಚಿದ್ದು ಯೇಸುವಿನ ಮಾತನ್ನು ಕೇಳಿ ತೂಗಿ ನೋಡಿದ ಮೇಲೆ ಅಲ್ಲ. ಅವರಿಗೆ ಕಂಡದ್ದು ಯೇಸುವಲ್ಲ, ಜೆರುಸಲೇಮ್.

ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಮಗನು ತಳ್ಳಿಹಾಕುತ್ತಿರುವುದು ಕ್ರಿಸ್ತರನ್ನೋ, ಅಥವಾ ಕುಡಿದು ಬಂದು ಜಪಸರ ಹಿಡಿಯುತ್ತಿದ್ದ ತಂದೆಯ ನೆನಪನ್ನೋ? ಹಬ್ಬದ ಲೆಕ್ಕಪತ್ರಕ್ಕಾಗಿ ಗುಡಿಯ ಅಂಗಳದಲ್ಲೇ ನಾವು ಆಡಿದ ಜಗಳವನ್ನೋ? ಗುರುಗಳ ಬಿರುನುಡಿಯನ್ನೋ? ತಿರಸ್ಕಾರದ ಹಿಂದೆ ಒಂದು ಹಳೆಯ ಗಾಯ ಇರಬಹುದು. ಅದನ್ನು ಕೇಳಿ ತಿಳಿಯದೆ ಉತ್ತರ ಕೊಡಲು ಹೊರಡುವುದು ನಾಡಿ ನೋಡದೆ ಔಷಧಿ ಕೊಟ್ಟಂತೆ.

ಶಿಷ್ಯರ ಕೋಪ

ಯಕೋಬ ಮತ್ತು ಯೊವಾನ್ನರಿಗೆ ಅಪಮಾನ ತಡೆಯಲಾಗಲಿಲ್ಲ. ಆಕಾಶದಿಂದ ಬೆಂಕಿ ಬೀಳಿಸಿ ಈ ಹಳ್ಳಿಯನ್ನು ಸುಟ್ಟುಬಿಡೋಣವೇ ಎಂದು ಕೇಳಿದರು. ಪ್ರವಾದಿ ಎಲೀಯನು ಬೆಂಕಿ ಬರಿಸಿದ ಕಥೆ ಅವರ ಮನಸ್ಸಿನಲ್ಲಿದ್ದಿರಬೇಕು. ಯೇಸು ಇವರಿಗೆ ಗುಡುಗಿನ ಮಕ್ಕಳೆಂದು ಹೆಸರಿಟ್ಟಿದ್ದನ್ನು ಮಾರ್ಕನು ಬರೆದಿದ್ದಾನೆ. ಇಲ್ಲಿ ಆ ಗುಡುಗು ಕೇಳಿಸುತ್ತದೆ.

ಅವರ ಕೋಪದಲ್ಲಿ ಗುರುವಿನ ಮೇಲಿನ ಪ್ರೀತಿ ಇತ್ತು ನಿಜ. ಆದರೆ ತಮ್ಮ ಮರ್ಯಾದೆಗೆ ಬಿದ್ದ ಪೆಟ್ಟೂ ಇತ್ತು. ನಾವು ಸಹ ದೇವರ ಹೆಸರಿನಲ್ಲಿ ಸಿಟ್ಟಾಗುವಾಗ ಎರಡನ್ನೂ ಬೇರ್ಪಡಿಸಿ ನೋಡಬೇಕು. "ಮಗ ಪೂಜೆಗೆ ಬರದಿದ್ದರೆ ಊರಿನವರು ಏನೆಂದಾರು?" ಎಂಬ ಚಿಂತೆ ಮಗನ ಆತ್ಮದ ಚಿಂತೆಯಲ್ಲ.

ಯೇಸು ಗದರಿಸಿದ್ದು ಹಳ್ಳಿಯವರನ್ನಲ್ಲ, ತಮ್ಮ ಶಿಷ್ಯರನ್ನು. ಬಳಿಕ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು. ಸ್ವಾಮಿ ಅಲ್ಲಿ ವಾದಕ್ಕೆ ನಿಲ್ಲಲಿಲ್ಲ, ಶಾಪ ಹಾಕಲಿಲ್ಲ. ಹಾಗೆಂದು ತಮ್ಮ ಪ್ರಯಾಣವನ್ನೂ ನಿಲ್ಲಿಸಲಿಲ್ಲ.

ಧರ್ಮಸಭೆಯ ಬೋಧನೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಕುರಿತು ಹೊರಡಿಸಿದ ಘೋಷಣೆಯ ತಿರುಳು ಇದೇ. ವಿಶ್ವಾಸವೆಂಬುದು ಮನುಷ್ಯನು ದೇವರಿಗೆ ಸ್ವಇಚ್ಛೆಯಿಂದ ಕೊಡುವ ಉತ್ತರ. ಬಲವಂತದಿಂದ ಪಡೆದದ್ದು ವಿಶ್ವಾಸವೇ ಅಲ್ಲ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ ಹಾಗೂ ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪು ನೀಡಿತು. ಕಾನೂನಿನ ಮಾತು ಹಾಗಿರಲಿ. ಮನಸ್ಸನ್ನು ತಿರುಗಿಸುವುದು ನಮ್ಮ ಕೈಯಲ್ಲಿಲ್ಲ, ಅದು ಪವಿತ್ರಾತ್ಮರ ಕೆಲಸ ಎಂಬುದು ನಮ್ಮ ವಿಶ್ವಾಸ.

ಹಾಗಾದರೆ ಸುಮ್ಮನಿದ್ದುಬಿಡೋಣವೇ? ಇಲ್ಲ. ಜಗದ್ಗುರು ಆರನೇ ಪೌಲರು 1975ರಲ್ಲಿ ಶುಭಸಂದೇಶ ಪ್ರಸಾರದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ, ಬಾಳಿನ ಸಾಕ್ಷ್ಯವೇ ಮೊದಲನೆಯದು, ಆದರೆ ಅದಷ್ಟೇ ಸಾಲದು, ಸಮಯ ಬಂದಾಗ ಮಾತಿನಲ್ಲಿಯೂ ವಿವರಿಸಬೇಕು ಎಂದು ತಿಳಿಸಿದ್ದಾರೆ. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ವಿನಯದಿಂದ ಉತ್ತರಿಸಲು ಸದಾ ಸಿದ್ಧರಿರಬೇಕೆಂಬುದು ಸಂತ ಪೇತ್ರರ ಬುದ್ಧಿವಾದವೂ ಹೌದು.

ಅದೇ ಯೊವಾನ್ನ, ಅದೇ ಸಮಾರಿಯ

ಕಥೆ ಅಲ್ಲಿಗೇ ಮುಗಿಯಲಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯವನ್ನು ಓದಿರಿ. ಸಂತ ಸ್ತೇಫನರ ಹತ್ಯೆಯ ನಂತರ ಜೆರುಸಲೇಮಿನಲ್ಲಿ ಹಿಂಸೆ ಹೆಚ್ಚಿ ಭಕ್ತರು ಚದುರಿಹೋದರು. ಹೀಗೆ ಹೊರಟವರಲ್ಲಿ ಫಿಲಿಪ್ಪನು ಸಮಾರಿಯಕ್ಕೆ ಬಂದು ಕ್ರಿಸ್ತರನ್ನು ಸಾರಿದನು. ಜನರು ಸಂತೋಷದಿಂದ ದೀಕ್ಷಾಸ್ನಾನ ಪಡೆದರು. ಒಂದು ಊರಿನ ತಿರಸ್ಕಾರವೇ ಮತ್ತೊಂದು ಊರಿಗೆ ಶುಭಸಂದೇಶವನ್ನು ತಲುಪಿಸಿತು!

ಈ ಸುದ್ದಿ ತಿಳಿದ ಪ್ರೇಷಿತರು ಅಲ್ಲಿಗೆ ಕಳುಹಿಸಿದ್ದು ಯಾರನ್ನು? ಪೇತ್ರನನ್ನು ಮತ್ತು ಯೊವಾನ್ನನನ್ನು. ಒಮ್ಮೆ ಸಮಾರಿಯದ ಮೇಲೆ ಬೆಂಕಿಯನ್ನು ಕೇಳಿದ ಅದೇ ಯೊವಾನ್ನ ಈಗ ಸಮಾರಿಯದವರ ಮೇಲೆ ಕೈಯಿರಿಸಿ, ಅವರು ಪವಿತ್ರಾತ್ಮರನ್ನು ಪಡೆಯುವಂತೆ ಪ್ರಾರ್ಥಿಸಿದನು. ಹಿಂದಿರುಗುವಾಗ ಇಬ್ಬರೂ ಸಮಾರಿಯದ ಅನೇಕ ಹಳ್ಳಿಗಳಲ್ಲಿ ಶುಭಸಂದೇಶವನ್ನು ಸಾರುತ್ತಾ ಬಂದರು.

ಅಂದು ಸ್ವಾಮಿ ಬೆಂಕಿಗೆ ಒಪ್ಪಿದ್ದರೆ ಸುಟ್ಟ ಊರಿನಲ್ಲಿ ಸಾರಲು ಯಾರು ಉಳಿಯುತ್ತಿದ್ದರು? ಸಿಟ್ಟಿನಲ್ಲಿ ಆಡಿದ ಒಂದು ಮಾತು ಮುಂದೆಂದೋ ತೆರೆಯಬಹುದಾದ ಬಾಗಿಲನ್ನು ಸುಟ್ಟುಬಿಡುತ್ತದೆ. ಇನ್ನೂ ಒಂದು ವಿಷಯವಿದೆ. ಆ ಕಾಯುವಿಕೆಯಲ್ಲಿ ಸಮಾರಿಯ ಮಾತ್ರ ಬದಲಾಗಲಿಲ್ಲ, ಯೊವಾನ್ನನೂ ಬದಲಾದನು.

ಆ ತಾಯಿಗೆ

ಆದ್ದರಿಂದ ಆ ತಾಯಿಗೆ ಇಂದು ಹೀಗೆ ಹೇಳಬಯಸುತ್ತೇನೆ. ಅಮ್ಮ, ಜಪಸರವನ್ನು ನಿಲ್ಲಿಸಬೇಡಿ. ಎಂದಿನ ಜಾಗದಲ್ಲಿ, ಎಂದಿನ ಧ್ವನಿಯಲ್ಲಿ ಪ್ರಾರ್ಥಿಸಿ. ಆದರೆ ಅವನಿಗೆ ಕೇಳಿಸಲೆಂದೇ "ದಾರಿ ತಪ್ಪಿದ ಮಕ್ಕಳಿಗಾಗಿ" ಎಂದು ಕೂಗಿ ಹೇಳಬೇಡಿ. ಅದು ಪ್ರಾರ್ಥನೆಯಲ್ಲ, ಚುಚ್ಚುಮಾತು. ಅವನು ಎದ್ದು ಹೋದರೆ ಹೋಗಲಿ. ಹಿಂದಿರುಗಿದಾಗ ಊಟ ಬಿಸಿಯಾಗಿರಲಿ. ಒಂದು ದಿನ ಸಮಯ ನೋಡಿ, "ನಿನಗೆ ಏನು ನೋವಾಯಿತು ಮಗ?" ಎಂದು ಕೇಳಿ. ಅವನು ಹೇಳುವುದನ್ನು ಪೂರ್ತಿಯಾಗಿ ಕೇಳಿ, ಅಂದೇ ಉತ್ತರ ಕೊಡಬೇಡಿ. ತಪ್ಪು ನಮ್ಮದಾಗಿದ್ದರೆ ಒಪ್ಪಿಕೊಳ್ಳಿ. ನನ್ನದಿದ್ದರೆ ನನಗೂ ತಿಳಿಸಿ.

ಅವನು ಯಾವಾಗ ಮರಳುವನೋ ಯಾರೂ ಹೇಳಲಾರರು. ಫಲ ಕಾಣದೆಯೇ ನಾವು ಕಣ್ಣುಮುಚ್ಚಬಹುದು. ಫಿಲಿಪ್ಪನು ಬಿತ್ತಿದ ಹೊಲಕ್ಕೆ ಪೇತ್ರ, ಯೊವಾನ್ನರು ಬಂದಂತೆ ನಮ್ಮ ನಂತರವೂ ಯಾರೋ ಬಂದಾರು. ಬಾಗಿಲು ಮುಚ್ಚಿದವರ ಮೇಲೂ ಪ್ರೀತಿಯ ಕೈಯಿರಿಸಲು ಸಿದ್ಧರಾಗಿರುವ ಹೃದಯವನ್ನು ಪ್ರಭು ನಮಗೆ ದಯಪಾಲಿಸಲಿ.

ಕುಟುಂಬದಲ್ಲಿ ಚಿಂತನೆಗಾಗಿ:

1. ನಮ್ಮ ಮನೆಯಲ್ಲಿ ವಿಶ್ವಾಸದಿಂದ ದೂರವಾದವರು ಇದ್ದಾರೆಯೇ? ಅವರ ಮಾತನ್ನು ಕೊನೆಯವರೆಗೂ ಕೇಳಿದ್ದೇವೆಯೇ?

2. ವಿಶ್ವಾಸವನ್ನು ಯಾರಾದರೂ ಗೇಲಿ ಮಾಡಿದಾಗ ನಮಗೆ ನೋವಾಗುವುದು ಪ್ರಭುವಿಗಾಗಿಯೋ, ನಮ್ಮ ಮರ್ಯಾದೆಗಾಗಿಯೋ?

3. ನೆರೆಹೊರೆಯವರು ನಮ್ಮನ್ನು ನೋಡಿದಾಗ ಅವರಿಗೆ ಕ್ರಿಸ್ತರು ಕಾಣುತ್ತಾರೆಯೇ, ಅಥವಾ ನಮ್ಮ ಜಗಳಗಳು ಮಾತ್ರವೇ?