ಸಿಗರೇಟು ಪೊಟ್ಟಣದೊಳಗಿನ ಚಿತ್ರಕಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ತಯಾರಕರು ಸಿಗರೇಟಿನ ತೆಳು ಪೊಟ್ಟಣ ಮುದುಡದಂತೆ ಒಳಗೊಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಕ್ರಮೇಣ ಆ ರಟ್ಟೇ ಜಾಹೀರಾತಾಯಿತು.

ಅಮೆರಿಕನ್ ಟೊಬ್ಯಾಕೋ ಕಂಪನಿಯು 1909ರಿಂದ 1911ರವರೆಗೆ ಹೊರತಂದ, ಸಂಗ್ರಾಹಕರು ‘ಟಿ-206’ ಎಂದು ಕರೆಯುವ ಮಾಲಿಕೆಯಲ್ಲಿ ಐನೂರಕ್ಕೂ ಮಿಕ್ಕಿ ಕಾರ್ಡುಗಳಿವೆ. ಮುಂಬದಿಯಲ್ಲಿ ಶಿಲಾಮುದ್ರಣದ ಸೊಗಸಾದ ವರ್ಣಗಳಲ್ಲಿ ಬೇಸ್‌ಬಾಲ್ ಆಟಗಾರನ ಚಿತ್ರ. ಹಿಂಬದಿಯಲ್ಲಿ ‘ಪೀಡ್‌ಮಾಂಟ್’, ‘ಸ್ವೀಟ್ ಕ್ಯಾಪೊರಲ್’ ಮೊದಲಾದ ಸಿಗರೇಟುಗಳ ಹೆಸರು. ಮಾಲಿಕೆಯನ್ನು ಪೂರ್ಣಗೊಳಿಸುವ ಆಸೆಯು ಮತ್ತೊಂದು ಪೊಟ್ಟಣವನ್ನು ಕೊಳ್ಳಿಸುತ್ತಿತ್ತು. ಈ ಆಕರ್ಷಣೆಗೆ ಮಕ್ಕಳೂ ಒಳಗಾದರು.

ಹೆಸರಾಂತ ಆಟಗಾರ ಹೋನಸ್ ವ್ಯಾಗ್ನರನ ಕಾರ್ಡು ಬೇಗನೆ ನಿಂತುಹೋಯಿತು. ಮಕ್ಕಳು ತಂಬಾಕು ಕೊಳ್ಳಬಾರದೆಂದು ಆತನೇ ಆಕ್ಷೇಪಿಸಿದನೆಂದು ಪ್ರತೀತಿ. ಸಂಭಾವನೆಯ ಪ್ರಶ್ನೆಯೇ ಕಾರಣವೆನ್ನುವವರೂ ಉಂಟು. ಉಳಿದ ಕೆಲವೇ ಪ್ರತಿಗಳಲ್ಲೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಚಿತ್ರದ ಈ ಶಕ್ತಿಯನ್ನು ಇಂದು ಆರೋಗ್ಯರಕ್ಷಣೆಗೂ ಬಳಸಲಾಗುತ್ತಿದೆ. ಭಾರತದಲ್ಲಿ 2016ರಿಂದ ಪೊಟ್ಟಣದ ಎರಡೂ ಮುಖ್ಯ ಬದಿಗಳ ಶೇಕಡಾ 85 ಭಾಗವನ್ನು ಎಚ್ಚರಿಕೆಯ ಚಿತ್ರ ಹಾಗೂ ಬರಹ ಆವರಿಸಿವೆ. ಆದರೆ ಬಿಡಿ ಸಿಗರೇಟು ಕೊಳ್ಳುವ ಹುಡುಗನ ಕೈಗೆ ಆ ಚಿತ್ರ ಬರುವುದೇ ಇಲ್ಲ. ಆದುದರಿಂದ ಮನೆಯ ಹಿರಿಯರೇ ಅದನ್ನು ಮಕ್ಕಳಿಗೆ ತೋರಿಸಿ, ಅರ್ಥ ತಿಳಿಸುವುದು ಒಳಿತು.